ಇಪ್ಪತ್ತೊಂದನೆಯವನಿಗೆ ಹತ್ತು ಲಕ್ಷ ಡಾಲರ್

2025ರ ಜುಲೈ 27, ಭಾನುವಾರ. ಇಂಡಿಯಾನಾಪೊಲಿಸ್‌ನಲ್ಲಿ ಬ್ರಿಕ್‌ಯಾರ್ಡ್ 400 ರೇಸ್ ಗೆದ್ದವರು ಬಬ್ಬಾ ವ್ಯಾಲೇಸ್. ಇನ್ನೇನು ಮುಗಿಯಿತು ಅನ್ನುವಾಗ ಮಳೆ ಬಂತು, ರೇಸ್ ನಿಂತಿತು, ಮತ್ತೆ ಹಸಿರು ಬಾವುಟ ಬೀಸಿದರು, ನಿಗದಿಯಾದ ಸುತ್ತುಗಳು ಮುಗಿದರೂ ಇತ್ಯರ್ಥವಾಗದೆ ಹೆಚ್ಚುವರಿ ಸುತ್ತುಗಳಿಗೆ ಹೋಯಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಸಾಕಾಗುತ್ತದೋ ಇಲ್ಲವೋ ಎಂಬ ಆತಂಕ ಬೇರೆ. ಬೆನ್ನ ಹಿಂದೆ ಹಿಂದಿನ ವರ್ಷ ಅದೇ ರೇಸ್ ಗೆದ್ದಿದ್ದ ಕೈಲ್ ಲಾರ್ಸನ್. ಅದನ್ನೆಲ್ಲ ತಡೆದುಕೊಂಡು ವ್ಯಾಲೇಸ್ ಮೊದಲು ಗೆರೆ ದಾಟಿದರು. ನೂರು ವರ್ಷ ಮೀರಿದ ಆ ಓವಲ್ ಟ್ರ್ಯಾಕ್‌ನಲ್ಲಿ ದೊಡ್ಡ ರೇಸ್ ಗೆದ್ದ ಮೊದಲ ಕಪ್ಪು ಚಾಲಕ ಅವರು.

ಅದೇ ರೇಸ್‌ನಲ್ಲಿ ಇಪ್ಪತ್ತೊಂದನೆಯವರಾಗಿ ಬಂದ ಟೈ ಗಿಬ್ಸ್‌ಗೆ 10 ಲಕ್ಷ ಡಾಲರ್ ಬಹುಮಾನ ಸಿಕ್ಕಿತು.

ಹಾಗಾದರೆ ಮೊದಲನೆಯವರಿಗೆ ಎಷ್ಟು? ಅದನ್ನು ನ್ಯಾಸ್ಕಾರ್ ಹೇಳುವುದಿಲ್ಲ. ಅಮೆರಿಕದ ಸ್ಟಾಕ್ ಕಾರ್ ರೇಸಿಂಗನ್ನು ನಡೆಸುವ ಈ ಸಂಸ್ಥೆ ಯಾವ ಚಾಲಕನಿಗೆ, ಯಾವ ಕಾರಿಗೆ ಎಷ್ಟು ಹಣ ಹೋಯಿತೆಂದು ಪ್ರಕಟಿಸುವುದನ್ನು 2016ರಲ್ಲೇ ನಿಲ್ಲಿಸಿಬಿಟ್ಟಿದೆ. ಗೆದ್ದ ಕಾರಿನ ಕತೆ ಇನ್ನೂ ವಿಚಿತ್ರ. ವ್ಯಾಲೇಸ್ ಓಡಿಸುವುದು ಬಾಸ್ಕೆಟ್‌ಬಾಲ್ ದಂತಕತೆ ಮೈಕಲ್ ಜೋರ್ಡನ್ ಮತ್ತು ರೇಸ್ ಚಾಲಕ ಡೆನ್ನಿ ಹ್ಯಾಮ್ಲಿನ್ ಸೇರಿ ಕಟ್ಟಿದ 23ಎಕ್ಸ್‌ಐ ತಂಡದ ಕಾರು. ಆ ತಂಡ ನ್ಯಾಸ್ಕಾರ್ ಮೇಲೆಯೇ ದಾವೆ ಹೂಡಿತ್ತು. ಕೋರ್ಟಿನ ಜಗ್ಗಾಟದಲ್ಲಿ ಆ ಜುಲೈ ತಿಂಗಳಲ್ಲೇ ಅದರ ‘ಚಾರ್ಟರ್’ ಕೈತಪ್ಪಿತ್ತು. ಚಾರ್ಟರ್ ಅಂದರೆ ಪ್ರತಿ ರೇಸ್‌ಗೂ ಖಾತ್ರಿ ಪ್ರವೇಶ, ಹಣದಲ್ಲಿ ಖಾತ್ರಿ ಪಾಲು. ಅದಿಲ್ಲದ ಕಾರಿಗೆ ಸಿಗುವ ಪಾಲು ಬಹಳ ಕಡಿಮೆ. ಹೀಗಾಗಿ ರೇಸ್ ಗೆದ್ದ ಕಾರು ಕಡಿಮೆ ಸಂಬಳದ ಕೂಲಿಯಾಳಿನ ಹಾಗೆ ಓಡಿ ಗೆದ್ದಿತ್ತು. ಮರುದಿನದ ಸುದ್ದಿಯಲ್ಲಿ ಇಪ್ಪತ್ತೊಂದನೆಯವರ ಮೊತ್ತ ಮಾತ್ರ ದೊಡ್ಡ ಅಕ್ಷರದಲ್ಲಿತ್ತು.

ಗಿಬ್ಸ್‌ಗೆ ಆ ಹಣ ಬಂದ ಬಗೆ ಹೇಳಿದರೆ ನಗು ಬರುತ್ತದೆ. ಋತುವಿನ ನಡುವೆ ಜನರ ಗಮನ ಚದುರುತ್ತದೆಂದು ನ್ಯಾಸ್ಕಾರ್ ಆ ವರ್ಷ ‘ಇನ್-ಸೀಸನ್ ಚಾಲೆಂಜ್’ ಎಂಬ ಹೊಸ ಸ್ಪರ್ಧೆ ತಂದಿತು. 32 ಚಾಲಕರು, ಟೆನಿಸ್‌ನಂತೆ ಜೋಡಿ ಜೋಡಿ, ಐದು ವಾರ, ಐದು ರೇಸ್. ನಿಮ್ಮ ಜೋಡಿದಾರನಿಗಿಂತ ಮುಂದೆ ಬಂದರೆ ಸಾಕು, ಮುಂದಿನ ಸುತ್ತಿಗೆ ಹೋಗುತ್ತೀರಿ. ಉಳಿದ ಕಾರುಗಳು ಎಲ್ಲಿದ್ದರೂ ಲೆಕ್ಕಕ್ಕಿಲ್ಲ. ಫೈನಲ್‌ಗೆ ಬಂದವರು ಟೈ ಗಿಬ್ಸ್ ಮತ್ತು ಟೈ ಡಿಲನ್. ಇಬ್ಬರ ಹೆಸರೂ ಟೈ, ಇಬ್ಬರೂ ದೊಡ್ಡ ತಂಡಗಳ ಮಾಲೀಕರ ಮೊಮ್ಮಕ್ಕಳು. ಗಿಬ್ಸ್ ಅವರ ತಾತ ಜೋ ಗಿಬ್ಸ್, ಡಿಲನ್ ಅವರ ತಾತ ರಿಚರ್ಡ್ ಚಿಲ್ಡ್ರೆಸ್. ಡಿಲನ್ ಪಟ್ಟಿಯ ಕೊನೆಯ, ಮೂವತ್ತೆರಡನೆಯ ಶ್ರೇಯಾಂಕದವರು. ಮೊದಲ ಸುತ್ತಿನಲ್ಲೇ ಅಗ್ರ ಶ್ರೇಯಾಂಕದ ಹ್ಯಾಮ್ಲಿನ್‌ರನ್ನು ಹೊರಗೆ ಹಾಕಿದ್ದರು. ಅಟ್ಲಾಂಟಾದಲ್ಲಿ ಹ್ಯಾಮ್ಲಿನ್ ಕಾರು ಅಪಘಾತಕ್ಕೆ ಸಿಕ್ಕಿದ್ದೇ ಅದಕ್ಕೆ ಕಾರಣ. ಡಿಲನ್ ಕತೆ ನನಗೂ ಖುಷಿ ಕೊಟ್ಟಿತು, ಸುಳ್ಳು ಹೇಳಲಾರೆ. ಆದರೆ ಕೊನೆಯ ದಿನ ಒಬ್ಬರು ಇಪ್ಪತ್ತೊಂದನೆಯವರು, ಇನ್ನೊಬ್ಬರು ಇಪ್ಪತ್ತೆಂಟನೆಯವರು. ಟೀವಿಯಲ್ಲಿ ಅವರಿಬ್ಬರ ನಡುವಿನ ಅಂತರ ತೋರಿಸುತ್ತ ಹತ್ತು ಲಕ್ಷ, ಹತ್ತು ಲಕ್ಷ ಎಂದು ಕೂಗುತ್ತಿದ್ದರು. ಅತ್ತ ಮುಂದೆ ನಿಜವಾದ ರೇಸ್ ನಡೆಯುತ್ತಿತ್ತು.

ಉತ್ತರ ಕ್ಯಾರೊಲಿನಾದ ಶಾರ್ಲೆಟ್ ಸುತ್ತಮುತ್ತ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡಿಗರಲ್ಲಿ ಈ ಹುಚ್ಚು ಹತ್ತಿಸಿಕೊಂಡವರು ಹೆಚ್ಚಿಲ್ಲ. ನಾನು ಹತ್ತಿಸಿಕೊಂಡೆ. ಹೆಚ್ಚಿನ ತಂಡಗಳ ವರ್ಕ್‌ಶಾಪ್‌ಗಳೆಲ್ಲ ಇಲ್ಲೇ ಆಸುಪಾಸಿನಲ್ಲಿರುವಾಗ ತಪ್ಪಿಸಿಕೊಳ್ಳುವುದೂ ಕಷ್ಟ. ಮೈಸೂರಿನ ಗೆಳೆಯ ಫೋನ್ ಮಾಡಿದಾಗಲೆಲ್ಲ ಕೇಳುತ್ತಾನೆ: “ಎಡಕ್ಕೇ ತಿರುಗಿ ತಿರುಗಿ ಸುತ್ತು ಹೊಡೆಯೋದ್ರಲ್ಲಿ ಏನಿದೆಯೋ ಮಾರಾಯ?” ಅದಕ್ಕೆ ಉತ್ತರ ಕೊಡುವ ಲೇಖನ ಇದಲ್ಲ. ಹಣ ಕಂಡರೆ ಮೂಗು ಮುರಿಯುವವನೂ ನಾನಲ್ಲ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ನಲವತ್ತು ಕಾರುಗಳ ನಡುವೆ ಜೀವ ಪಣಕ್ಕಿಡುವವರಿಗೆ ಕೈತುಂಬ ದುಡ್ಡು ಸಿಗಲಿ. ನನ್ನ ತಕರಾರು ಬೇರೆ. ಬಹುಮಾನ ಗೆಲುವಿಗೆ ಕೊಡುವಂಥದ್ದು. ಅದು ಈಗ ಗೆಲುವನ್ನು ಬಿಟ್ಟು ಬೇರೆಲ್ಲದಕ್ಕೂ ಹೋಗುತ್ತಿದೆ.

ಈ ಆಟ ಹುಟ್ಟಿದ್ದೇ ಬಹುಮಾನದ ಹಣದ ಜಗಳದಲ್ಲಿ. 1930–40ರ ದಶಕದಲ್ಲಿ ಅಮೆರಿಕದ ದಕ್ಷಿಣದ ಊರುಗಳಲ್ಲಿ ರೇಸ್ ಏರ್ಪಡಿಸುವವರು ಟಿಕೆಟ್ ಹಣ ಒಟ್ಟು ಮಾಡಿ, ರೇಸ್ ನಡೆಯುತ್ತಿರುವಾಗಲೇ ಪೆಟ್ಟಿಗೆ ಎತ್ತಿಕೊಂಡು ಪರಾರಿಯಾಗುವುದು ಮಾಮೂಲಾಗಿತ್ತು. ಉಂಡೂ ಹೋದ, ಕೊಂಡೂ ಹೋದ ಅನ್ನುವುದು ಇಂಥವರನ್ನೇ. ಗೆದ್ದವನು ಗ್ರೀಸು ಮೆತ್ತಿದ ಕೈಯಲ್ಲಿ ಬಂದು ನೋಡಿದರೆ ಕೊಡುವವನೇ ಇಲ್ಲ. ಡೇಟೋನಾ ಬೀಚ್‌ನಲ್ಲಿ ಗ್ಯಾರೇಜ್ ಇಟ್ಟಿದ್ದ ಬಿಲ್ ಫ್ರಾನ್ಸ್ ಆರಡಿಗೂ ಮೀರಿದ ಆಳು, ಸ್ವತಃ ರೇಸ್ ಚಾಲಕ. 1938ರಲ್ಲಿ ಅವರೇ ಕಡಲ ದಂಡೆಯಲ್ಲಿ ನಡೆಸಿದ ರೇಸ್‌ನ ಬಹುಮಾನಗಳಲ್ಲಿ ರಮ್ ಬಾಟಲಿ, ಚುಟ್ಟಾ ಡಬ್ಬಿ, ಎಂಜಿನ್ ಆಯಿಲ್ ಇದ್ದವು. 1947ರ ಡಿಸೆಂಬರ್‌ನಲ್ಲಿ ಅವರು ಡೇಟೋನಾದ ಸ್ಟ್ರೀಮ್‌ಲೈನ್ ಹೋಟೆಲಿನಲ್ಲಿ ಸಭೆ ಕರೆದು, ಮುಂದಿನ ಫೆಬ್ರವರಿಯಲ್ಲಿ ನ್ಯಾಸ್ಕಾರ್ ಕಟ್ಟಿದಾಗ ಚಾಲಕರಿಗೆ ಕೊಟ್ಟ ದೊಡ್ಡ ಭರವಸೆ ಇಷ್ಟೇ: ಹೇಳಿದ ಹಣ ಹೇಳಿದ ಹಾಗೆ ಕೊಡುತ್ತೇವೆ.

ಆ ಮಾತಿಗೆ ಸ್ಟಾಕ್ ಕಾರುಗಳ ಮೊದಲ ರೇಸ್‌ನಲ್ಲೇ ಪರೀಕ್ಷೆ ಎದುರಾಯಿತು. 1949ರ ಜೂನ್ 19, ಶಾರ್ಲೆಟ್‌ನ ಮಣ್ಣಿನ ಟ್ರ್ಯಾಕ್. ಅಂಗಡಿಯಲ್ಲಿ ಕೊಂಡ ಹಾಗೇ ಇರುವ ಕಾರುಗಳಿಗೆ ಮಾತ್ರ ಪ್ರವೇಶ, ಗೆದ್ದವನಿಗೆ 2,000 ಡಾಲರ್. ಮೊದಲು ಬಂದದ್ದು ಗ್ಲೆನ್ ಡನವೇ ಓಡಿಸಿದ ಫೋರ್ಡ್. ತಪಾಸಣೆಯಲ್ಲಿ ನೋಡಿದರೆ ಹಿಂದಿನ ಸ್ಪ್ರಿಂಗ್‌ಗಳನ್ನು ಬಿಗಿ ಮಾಡಲಾಗಿದೆ. ಕಳ್ಳಭಟ್ಟಿ ಸಾಗಿಸುವವರ ಹಳೆಯ ಉಪಾಯವದು. ಡಿಕ್ಕಿಯಲ್ಲಿ ಸರಕು ತುಂಬಿದರೂ ಕಾರು ಹಿಂದಕ್ಕೆ ಕುಸಿಯಬಾರದು, ಪೊಲೀಸರಿಗೆ ಅನುಮಾನ ಬರಬಾರದು. ಡನವೇ ಅನರ್ಹರಾದರು. ಕಾನ್ಸಾಸ್‌ನಿಂದ ಲಿಂಕನ್ ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದ ಜಿಮ್ ರೋಪರ್‌ಗೆ ಬಹುಮಾನ ಹೋಯಿತು. ಈ ರೇಸ್ ನಡೆಯುವ ಸುದ್ದಿ ರೋಪರ್‌ಗೆ ಗೊತ್ತಾದದ್ದು ಪತ್ರಿಕೆಯ ಒಂದು ಕಾಮಿಕ್ ಪಟ್ಟಿಯಿಂದ! ಡನವೇ ಓಡಿಸಿದ ಕಾರಿನ ಮಾಲೀಕ 10,000 ಡಾಲರ್ ಪರಿಹಾರ ಕೇಳಿ ಕೋರ್ಟಿಗೆ ಹೋದ, ಸೋತ. ಎರಡು ಸಾವಿರ ಡಾಲರಿನ ಆ ತೀರ್ಪಿನಿಂದ ನ್ಯಾಸ್ಕಾರ್‌ಗೆ ಸಿಕ್ಕ ಮರ್ಯಾದೆ ಮುಂದಿನ ಎಷ್ಟೋ ಕೋಟಿಗಳಿಂದ ಸಿಕ್ಕಿಲ್ಲ ಎಂದೇ ನನ್ನ ಭಾವನೆ. ಹಣ ಚಿಕ್ಕದು, ಆದರೆ ಯಾರಿಗೆ, ಯಾಕೆ ಎಂಬುದು ಎಲ್ಲರ ಕಣ್ಣೆದುರು ತೀರ್ಮಾನವಾಗಿತ್ತು.

ಹತ್ತು ವರ್ಷದ ಮೇಲೆ, 1959ರ ಮೊದಲ ಡೇಟೋನಾ 500ರಲ್ಲೂ ಹಾಗೇ. ಜಾನಿ ಬೋಶಾಂಪ್ ಗೆದ್ದರೆಂದು ಮೊದಲು ಘೋಷಿಸಿ, ಫೋಟೊ, ಸಿನಿಮಾ ರೀಲುಗಳನ್ನೆಲ್ಲ ತರಿಸಿ ನೋಡಿ, ಮೂರು ದಿನದ ಮೇಲೆ ಲೀ ಪೆಟ್ಟಿಯೇ ವಿಜೇತ ಎಂದರು. ಅವರಿಗೆ ಸಿಕ್ಕಿದ್ದು 19,050 ಡಾಲರ್. ಲೀ ಅವರ ಮಗ ರಿಚರ್ಡ್ ಪೆಟ್ಟಿ 1958ರಿಂದ 1992ರವರೆಗೆ 1,184 ರೇಸ್ ಓಡಿ 200 ಗೆದ್ದರು, ಏಳು ಸಲ ಚಾಂಪಿಯನ್ ಆದರು. ಅಷ್ಟು ವರ್ಷಗಳ ಒಟ್ಟು ಬಹುಮಾನ 90 ಲಕ್ಷ ಡಾಲರಿಗೂ ಕಡಿಮೆ. ಅವರಷ್ಟೇ, ಅಂದರೆ ಏಳು ಸಲ ಚಾಂಪಿಯನ್ ಆದ ಜಿಮ್ಮಿ ಜಾನ್ಸನ್ ಗಳಿಕೆ 15 ಕೋಟಿ ಡಾಲರ್ ದಾಟಿತು. ಕಾಲ ಬದಲಾಗಿದೆ, ಡಾಲರಿನ ಬೆಲೆ ಇಳಿದಿದೆ, ಒಪ್ಪೋಣ. ಹಾಗಿದ್ದರೂ ಬೆಲೆಯೇರಿಕೆಯೊಂದರಿಂದಲೇ ಹುಟ್ಟುವ ಅಂತರ ಇದಲ್ಲ.

ಹಣದಿಂದಲೇ ಯೋಗ್ಯತೆ ಅಳೆಯಲು ಹೋಗಿ ನ್ಯಾಸ್ಕಾರ್ ಒಮ್ಮೆ ಪೇಚಿಗೆ ಸಿಕ್ಕಿದ್ದೂ ಉಂಟು. 1974ರಲ್ಲಿ ಚಾಂಪಿಯನ್‌ಷಿಪ್ ಅಂಕ ಲೆಕ್ಕ ಹಾಕಿದ ರೀತಿ ಇದು: ಚಾಲಕ ಟ್ರ್ಯಾಕ್‌ಗಳಲ್ಲಿ ಗೆದ್ದ ಒಟ್ಟು ಡಾಲರ್‌ಗಳನ್ನು ಅವನು ಓಡಿದ ರೇಸ್‌ಗಳ ಸಂಖ್ಯೆಯಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಪೆಟ್ಟಿ 567.45 ಅಂಕಗಳ ಅಂತರದಲ್ಲಿ ಕೇಲ್ ಯಾರ್ಬರೊ ಅವರನ್ನು ಹಿಂದೆ ಹಾಕಿದರು. ರೇಸಿನಲ್ಲಿ ದಶಮಾಂಶದ ಅಂಕ! ದುಡ್ಡು ಹೆಚ್ಚಿರುವ ಡೇಟೋನಾದಂಥ ರೇಸ್‌ನಲ್ಲಿ ಒಂದು ದಿನ ಚೆನ್ನಾಗಿ ಓಡಿದವನು, ಬಡ ಟ್ರ್ಯಾಕ್‌ಗಳಲ್ಲಿ ವಾರಗಟ್ಟಲೆ ಬೆವರು ಹರಿಸಿದವನನ್ನು ಸುಲಭವಾಗಿ ದಾಟಿ ಹೋಗುತ್ತಿದ್ದ. ಒಂದೇ ವರ್ಷಕ್ಕೆ ಅದನ್ನು ಕೈಬಿಟ್ಟರು. 1975ರಿಂದ ಗೆದ್ದವನಿಗೆ 175, ಎರಡನೆಯವನಿಗೆ 170 ಎಂಬ ಹೊಸ ಪದ್ಧತಿ ಬಂತು. ಅದರ ತಂಟೆ ಬೇರೆ, ಆಮೇಲೆ ಹೇಳುತ್ತೇನೆ.

ದೊಡ್ಡ ದುಡ್ಡು ಬಂದದ್ದು ಸಿಗರೇಟಿನಿಂದ. 1971ರ ಜನವರಿಯಿಂದ ಅಮೆರಿಕದ ಟೀವಿಯಲ್ಲಿ ಸಿಗರೇಟ್ ಜಾಹೀರಾತು ನಿಷೇಧವಾಯಿತು. ವಿನ್‌ಸ್ಟನ್ ತಯಾರಿಸುವ ಆರ್.ಜೆ. ರೆನಾಲ್ಡ್ಸ್ ಕಂಪನಿಯ ಕೈಯಲ್ಲಿ ಜಾಹೀರಾತಿನ ಹಣ ಉಳಿಯಿತು, ಸುರಿಯಲು ಜಾಗವಿರಲಿಲ್ಲ. ತಮ್ಮ ಒಂದು ಕಾರಿಗೆ ಪ್ರಾಯೋಜಕತ್ವ ಕೇಳಲು ಹೋದ ತಂಡದ ಮಾಲೀಕ ಜೂನಿಯರ್ ಜಾನ್ಸನ್‌ಗೆ ಅವರ ಬಳಿ ಇರುವ ಮೊತ್ತ ಇಡೀ ಸರಣಿಯನ್ನೇ ಸಾಕುವಷ್ಟು ದೊಡ್ಡದೆಂದು ತಿಳಿಯಿತು. ನ್ಯಾಸ್ಕಾರ್ ಬಾಗಿಲು ತೋರಿಸಿದರು. ಸರಣಿಗೆ ವಿನ್‌ಸ್ಟನ್ ಹೆಸರು ಬಂತು, ವರ್ಷದ ಕೊನೆಗೆ ಹಂಚಲು ಒಂದು ಲಕ್ಷ ಡಾಲರಿನ ನಿಧಿ ಬಂತು, ಮುಂದಿನ ವರ್ಷ 48 ಇದ್ದ ರೇಸ್‌ಗಳು 31ಕ್ಕೆ ಇಳಿದವು. ಸಿಗರೇಟಿನ ಹಣ ಒಳ್ಳೆಯದೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಕಳ್ಳಭಟ್ಟಿಯಿಂದ ಶುರುವಾದ ಆಟಕ್ಕೆ ಅದರಲ್ಲಿ ಹೊಸ ಪಾಪವೇನೂ ಇರಲಿಲ್ಲ.

ಆ ಕಂಪನಿಯೇ 1985ರಲ್ಲಿ ‘ವಿನ್‌ಸ್ಟನ್ ಮಿಲಿಯನ್’ ಘೋಷಿಸಿತು. ನನ್ನ ಮಟ್ಟಿಗೆ ಈ ಆಟದಲ್ಲಿ ಯೋಗ್ಯವಾದ ದೊಡ್ಡ ಬಹುಮಾನ ಅಂದರೆ ಅದೊಂದೇ. ಷರತ್ತು ಸರಳ, ಸಾಧನೆ ಕಠಿಣ. ಡೇಟೋನಾ 500, ಟಲಡೇಗಾದ ವಿನ್‌ಸ್ಟನ್ 500, ಶಾರ್ಲೆಟ್‌ನ 600 ಮೈಲಿ ರೇಸ್, ಡಾರ್ಲಿಂಗ್ಟನ್‌ನ ಸದರ್ನ್ 500. ಈ ನಾಲ್ಕರಲ್ಲಿ ಮೂರನ್ನು ಒಂದೇ ವರ್ಷ ಗೆದ್ದವನಿಗೆ 10 ಲಕ್ಷ ಡಾಲರ್. ಒಂದು ಟ್ರ್ಯಾಕ್ ವೇಗದ್ದು, ಇನ್ನೊಂದು ತಾಳ್ಮೆಯದು, ಡಾರ್ಲಿಂಗ್ಟನ್ ಅಂತೂ ಗೋಡೆಗೆ ಉಜ್ಜಿಕೊಂಡೇ ಹೋಗಬೇಕಾದ ಮೊಂಡು ಟ್ರ್ಯಾಕು.

ಮೊದಲ ವರ್ಷವೇ ಜಾರ್ಜಿಯಾದ ಡಾಸನ್‌ವಿಲ್ ಎಂಬ ಬೆಟ್ಟದ ಊರಿನ ಕೆಂಗೂದಲಿನ ಹುಡುಗ ಬಿಲ್ ಎಲಿಯಟ್ ಡೇಟೋನಾ ಗೆದ್ದ. ಟಲಡೇಗಾದಲ್ಲಿ ಆಯಿಲ್ ಪೈಪ್ ಕೆಟ್ಟು ಪಿಟ್‌ನಲ್ಲಿ ನಿಂತು ಸುಮಾರು ಎರಡು ಸುತ್ತು ಹಿಂದೆ ಬಿದ್ದ. ಸಾಮಾನ್ಯವಾಗಿ ಅಪಘಾತವಾಗಿ ಹಳದಿ ಬಾವುಟ ಬಂದು ಎಲ್ಲರೂ ನಿಧಾನವಾದರೆ ಮಾತ್ರ ಅಂಥ ಅಂತರ ತುಂಬುತ್ತದೆ. ಎಲಿಯಟ್ ಹಳದಿ ಬಾವುಟದ ಹಂಗಿಲ್ಲದೆ, ಹಸಿರಿನಲ್ಲೇ, ಬರೀ ವೇಗದಿಂದ ಆ ಐದು ಮೈಲಿ ತುಂಬಿಸಿಕೊಂಡು ರೇಸ್ ಗೆದ್ದ. ಶಾರ್ಲೆಟ್‌ನಲ್ಲಿ ಕೈಕೊಟ್ಟಿತು. ಉಳಿದದ್ದು ಡಾರ್ಲಿಂಗ್ಟನ್. ಸೆಪ್ಟೆಂಬರ್ 1ರಂದು ಡೇಲ್ ಅರ್ನ್‌ಹಾರ್ಟ್ ಕಾರು ಗಿರಕಿ ಹೊಡೆಯಿತು, ಯಾರ್ಬರೊ ಕಾರಿನ ಪವರ್ ಸ್ಟೀರಿಂಗ್ ಒಡೆಯಿತು, ಎಲಿಯಟ್ ಗೆದ್ದ. ಅಂದಿನಿಂದ ಅವನ ಹೆಸರು ‘ಮಿಲಿಯನ್ ಡಾಲರ್ ಬಿಲ್’. ಎಲಿಯಟ್ ಗೆದ್ದಾಗಲೆಲ್ಲ ಡಾಸನ್‌ವಿಲ್‌ನ ಬಿಲಿಯರ್ಡ್ಸ್ ಅಂಗಡಿಯ ಮೇಲಿನ ಸೈರನ್ ಕೂಗುತ್ತಿತ್ತು; ಈಗ ಮಗ ಚೇಸ್ ಎಲಿಯಟ್ ಗೆದ್ದರೂ ಕೂಗುತ್ತದೆ. ಆ ಸೈರನ್ನಿಗೆ ಪ್ರಾಯೋಜಕರಿಲ್ಲ.

ಇನ್ನೊಮ್ಮೆ ಆ ಹಣವನ್ನು ಯಾರಾದರೂ ಗೆಲ್ಲಲು 1997ರವರೆಗೆ ಕಾಯಬೇಕಾಯಿತು. ಗೆದ್ದವರು ಜೆಫ್ ಗಾರ್ಡನ್. ಹದಿಮೂರು ವರ್ಷದಲ್ಲಿ ಎರಡೇ ಸಲ. ಬಹುಮಾನಕ್ಕೆ ಬೆಲೆ ಬರುವುದು ಹೀಗೆ, ಕೊಡದೇ ಇಟ್ಟುಕೊಂಡಾಗ.

ಅದೇ 1985ರಲ್ಲಿ ಎಲಿಯಟ್ ಗೆದ್ದದ್ದು ಒಟ್ಟು 11 ರೇಸ್. ಚಾಂಪಿಯನ್ ಆದವರು ಮೂರು ಗೆದ್ದ ಡ್ಯಾರೆಲ್ ವಾಲ್ಟ್ರಿಪ್, 101 ಅಂಕಗಳ ಅಂತರದಿಂದ. ಗೆದ್ದವನಿಗೂ ಎರಡನೆಯವನಿಗೂ ಐದೇ ಅಂಕದ ವ್ಯತ್ಯಾಸವಿದ್ದರೆ ಹೀಗೇ ಆಗುವುದು. 2003ರಲ್ಲಿ ಮ್ಯಾಟ್ ಕೆನ್ಸೆತ್ ವರ್ಷವಿಡೀ ಒಂದೇ ರೇಸ್ ಗೆದ್ದು ಚಾಂಪಿಯನ್ ಆದರು. ಎಂಟು ಗೆದ್ದ ರಯನ್ ನ್ಯೂಮನ್ ಆರನೆಯವರಾದರು. ಅದರ ಮರುವರ್ಷ ಪದ್ಧತಿ ಬದಲಿಸಿದರು, ಆಮೇಲೆ ಮತ್ತೆ ಮತ್ತೆ ಬದಲಿಸುತ್ತಲೇ ಹೋದರು.

ಈಗ ಸ್ಟಿಕ್ಕರ್‌ಗಳ ವಿಷಯಕ್ಕೆ ಬರೋಣ. ನ್ಯಾಸ್ಕಾರ್ ಕಾರಿನ ಫೋಟೊ ನೋಡಿದವರಿಗೆ ಮುಂದಿನ ಚಕ್ರದ ಹಿಂದೆ ಅಂಗೈಯಗಲದ ಹತ್ತಾರು ಲೇಬಲ್‌ಗಳು ಒತ್ತೊತ್ತಾಗಿ ಅಂಟಿರುವುದು ಕಂಡಿರುತ್ತದೆ. ಬಾನೆಟ್ ಮೇಲಿನ ದೊಡ್ಡ ಹೆಸರು ತಂಡಕ್ಕೆ ದುಡ್ಡು ಕೊಟ್ಟವರದು. ಈ ಚಿಲ್ಲರೆ ಲೇಬಲ್‌ಗಳು ಬೇರೆ. ಸ್ಪಾರ್ಕ್ ಪ್ಲಗ್, ಪಿಸ್ಟನ್, ಬ್ರೇಕ್, ಫಿಲ್ಟರ್, ಪೇಂಟ್ ಮಾರುವ ಕಂಪನಿಗಳು ಒಂದೊಂದು ಪ್ರಶಸ್ತಿ ಇಟ್ಟಿರುತ್ತವೆ. ಆ ಕಂಪನಿಯ ಲೇಬಲ್ ನಿಮ್ಮ ಕಾರಿನ ಮೇಲಿದ್ದರೆ ಮಾತ್ರ ನೀವು ಅದಕ್ಕೆ ಅರ್ಹರು. ಲೇಬಲ್ ಇಲ್ಲವೇ, ನೀವೇ ಅತಿ ವೇಗದವರಾದರೂ ಆ ಹಣ ಇನ್ನೊಬ್ಬರಿಗೆ.

ವರ್ಷಗಳುದ್ದಕ್ಕೂ ಬಂದುಹೋದ ಈ ಪ್ರಶಸ್ತಿಗಳ ಹೆಸರು ಕೇಳಿ. ಅತಿ ಹೆಚ್ಚು ಸುತ್ತು ಮುಂದಿದ್ದವನಿಗೆ ಫಿಲ್ಟರ್ ಕಂಪನಿಯ ಪ್ರಶಸ್ತಿ. ಅತಿ ವೇಗದ ಒಂದು ಸುತ್ತಿಗೆ ಪೇಂಟ್ ಕಂಪನಿಯದು. ಎಂಜಿನ್ ಕಟ್ಟಿದವನಿಗೆ ಒಂದು. ರೇಸ್‌ನ ಎರಡನೇ ಅರ್ಧದಲ್ಲಿ ಕಾರನ್ನು ಅತಿ ಹೆಚ್ಚು ಸುಧಾರಿಸಿದ ಮುಖ್ಯ ಮೆಕ್ಯಾನಿಕ್‌ಗೆ ‘ಪ್ರಾಬ್ಲಮ್ ಸಾಲ್ವರ್’. ಹಸಿರು ಬಾವುಟ ಬಿದ್ದ ತಕ್ಷಣ ಚುರುಕಾಗಿ ಹೊರಟವನಿಗೆ ಎಥೆನಾಲ್ ಮಾರುವವರ ಪ್ರಶಸ್ತಿ. ಯೂನೊಕಾಲ್ 76 ಎಂಬ ಪೆಟ್ರೋಲ್ ಕಂಪನಿ ಮೊದಲ ಸ್ಥಾನದಿಂದ ಹೊರಟು ಅಲ್ಲೇ ಮುಗಿಸಿದವನಿಗೆ 7,600 ಡಾಲರ್ ಇಟ್ಟಿತ್ತು. 76ಕ್ಕೆ ಹೊಂದಲೆಂದೇ ಆ ಮೊತ್ತ. ಆ ವಾರ ಯಾರೂ ಗೆಲ್ಲದಿದ್ದರೆ ಹಣ ಮುಂದಿನ ವಾರಕ್ಕೆ ಬೆಳೆಯುತ್ತ ಹೋಗುತ್ತಿತ್ತು. ಅದೊಂದನ್ನು ಕ್ಷಮಿಸಬಹುದು, ಸಾಧನೆಗೆ ಸಂದ ಹಣ. ಎಲ್ಲಕ್ಕಿಂತ ಮಜವಾದದ್ದು ಗುಡೀಸ್ ತಲೆನೋವು ಪ್ರಶಸ್ತಿ. ಗುಡೀಸ್ ಅಂದರೆ ದಕ್ಷಿಣದ ಊರುಗಳಲ್ಲಿ ಮನೆಮಾತಾದ ತಲೆನೋವಿನ ಪುಡಿ. ರಿಚರ್ಡ್ ಪೆಟ್ಟಿ ಎಷ್ಟೋ ವರ್ಷ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡವರು. ರೇಸ್‌ನಲ್ಲಿ ದುರದೃಷ್ಟ ಕಾಡಿದ ಚಾಲಕನಿಗೆ ಆ ಪ್ರಶಸ್ತಿ ಸಿಗುತ್ತಿತ್ತು.

ಐಪಿಎಲ್ ಪಂದ್ಯ ಮುಗಿದ ಮೇಲೆ ಟೀವಿ ಆರಿಸದೆ ಕೂತವರಿಗೆ ಇದು ಹೊಸದಲ್ಲ. ಸೂಪರ್ ಸ್ಟ್ರೈಕರ್, ಅತಿ ಹೆಚ್ಚು ಸಿಕ್ಸರ್, ಅತಿ ಹೆಚ್ಚು ಫೋರ್, ಒಂದರ ಹಿಂದೆ ಒಂದು ಲಕ್ಷದ ಚೆಕ್ಕು, ಹಿಂದೆ ಕಂಪನಿ ಹೆಸರಿನ ಪರದೆ. ಸೋತ ತಂಡದ ಆಟಗಾರನೂ ಮುಖ ಸಣ್ಣದು ಮಾಡಿಕೊಂಡು ಬಂದು ಚೆಕ್ಕು ಹಿಡಿದು ನಿಲ್ಲಬೇಕು. ಅಲ್ಲಿ ಯಾರನ್ನು ಸನ್ಮಾನಿಸುತ್ತಿದ್ದಾರೆ? ಪರದೆಯನ್ನು. ನ್ಯಾಸ್ಕಾರ್‌ನವರು ಈ ವಿದ್ಯೆಯನ್ನು ಐಪಿಎಲ್ ಹುಟ್ಟುವ ದಶಕಗಳ ಮೊದಲೇ ಅರೆದು ಕುಡಿದಿದ್ದರು. ಗೆದ್ದ ಚಾಲಕ ಕಾರಿನಿಂದಿಳಿದು ಮೈಕ್ ಮುಂದೆ ಒಂದೇ ಉಸಿರಿಗೆ ಹತ್ತು ಕಂಪನಿಗಳ ಹೆಸರು ಪಠಿಸುವುದನ್ನೂ, ಆಮೇಲೆ ಒಂದೊಂದೇ ಟೋಪಿ ಬದಲಿಸಿ ಒಂದೊಂದು ಫೋಟೊಗೆ ನಿಲ್ಲುವುದನ್ನೂ ಇಲ್ಲಿನ ಹಳೆಯ ಅಭಿಮಾನಿಗಳು ಸಹಸ್ರನಾಮದಷ್ಟೇ ಸಹಜವಾಗಿ ಸ್ವೀಕರಿಸಿದ್ದಾರೆ.

ಗೆಲ್ಲದವರಿಗೆ ಹಣ ಕೊಡಬಾರದು ಎಂದು ವಾದಿಸುವವರ ಗುಂಪಿಗೂ ನಾನು ಸೇರುವುದಿಲ್ಲ. 2009ರ ಆಸುಪಾಸು ಆ ವಾದ ಇಲ್ಲಿ ಜೋರಾಗಿತ್ತು. ಆಗ ಒಂದು ರೇಸ್‌ನಲ್ಲಿ 43 ಕಾರು. ಕೊನೆಯ ಸ್ಥಾನಕ್ಕೂ ಹತ್ತಾರು ಸಾವಿರ ಡಾಲರ್ ಸಿಗುತ್ತಿತ್ತು. ಇಡೀ ರೇಸ್ ಓಡಿದರೆ ಸೆಟ್ಟುಗಟ್ಟಲೆ ಟೈರು, ಎಂಜಿನ್ ಸವೆತ, ಪಿಟ್ ಹುಡುಗರ ಸಂಬಳ, ಎಲ್ಲ ಸೇರಿ ಗಳಿಕೆಗಿಂತ ಖರ್ಚೇ ಹೆಚ್ಚು. ಅದಕ್ಕೆ ಕೆಲವು ಸಣ್ಣ ತಂಡಗಳು ಒಂದು ದಾರಿ ಹಿಡಿದವು: ಅರ್ಹತಾ ಸುತ್ತಿನಲ್ಲಿ ಹೇಗೋ ತೂರಿಕೊಳ್ಳುವುದು, ಹಸಿರು ಬಾವುಟ ಬಿದ್ದ ಮೇಲೆ ಒಂದಷ್ಟು ಸುತ್ತು ಹೊಡೆದು ಗ್ಯಾರೇಜಿಗೆ ಹೋಗಿ ಕಾರು ನಿಲ್ಲಿಸುವುದು, ಕೊನೆಯ ಸ್ಥಾನದ ಹಣ ತೆಗೆದುಕೊಳ್ಳುವುದು. ಇದಕ್ಕೆ ‘ಸ್ಟಾರ್ಟ್ ಅಂಡ್ ಪಾರ್ಕ್’ ಎಂದೇ ಹೆಸರಾಯಿತು. ಫಲಿತಾಂಶದ ಪಟ್ಟಿಯಲ್ಲಿ ನಿವೃತ್ತಿಯ ಕಾರಣ ಬರೆಯಬೇಕಲ್ಲ: ಬ್ರೇಕ್, ನಡುಕ, ಅತಿ ಬಿಸಿ, ವೈರಿಂಗ್. ಪ್ರತಿ ವಾರ ಅವೇ ಕಾರುಗಳಿಗೆ ಅವೇ ಕಾಯಿಲೆಗಳು.

ಟಿಕೆಟ್ ಕೊಂಡವರಿಗೆ ಸಿಟ್ಟು ಬಂದದ್ದು ಸಹಜ. ಆದರೆ ಆ ಪಟ್ಟಿಯಲ್ಲಿ ಜೋ ನೆಮೆಚೆಕ್‌ರಂಥವರೂ ಇದ್ದರು. ನ್ಯಾಸ್ಕಾರ್‌ನ ಅಗ್ರ ಸರಣಿಯಾದ ಕಪ್‌ನಲ್ಲಿ ನಾಲ್ಕು ರೇಸ್ ಗೆದ್ದ ಚಾಲಕ. ದೊಡ್ಡ ತಂಡದ ಸೀಟು ಹೋದ ಮೇಲೆ ಸ್ವಂತ ತಂಡದಲ್ಲೇ ಹೀಗೆ ಸುತ್ತು ಹೊಡೆದು ನಿಲ್ಲಿಸುತ್ತಿದ್ದರು. ಪ್ರಾಯೋಜಕರು ಸಿಕ್ಕ ವಾರ ಪೂರ್ತಿ ಓಡುತ್ತಿದ್ದರು. ಅದು ಕಳ್ಳತನವಲ್ಲ, ಅಂಗಡಿ ಮುಚ್ಚದಂತೆ ನೋಡಿಕೊಳ್ಳುವ ಲೆಕ್ಕಾಚಾರ. ಆ ಅಂಗಡಿಯ ನೆರಳಲ್ಲೇ ಬೆಳೆದ ಮಗ ಜಾನ್ ಹಂಟರ್ ನೆಮೆಚೆಕ್ 2025ರ ಆ ಹತ್ತು ಲಕ್ಷದ ಸ್ಪರ್ಧೆಯಲ್ಲಿ ಸೆಮಿಫೈನಲ್‌ವರೆಗೆ ಬಂದಿದ್ದರು. ಅಪ್ಪನಿಗೆ ಬೈದವರೇ ಮಗನಿಗೆ ಚಪ್ಪಾಳೆ ತಟ್ಟಿದರು. ಗೆಲ್ಲಲು ಪ್ರಯತ್ನಿಸದೆ ಹಣ ಪಡೆಯುವುದು ತಪ್ಪಾದರೆ, ಗೆಲುವಿಗೂ ಹಣಕ್ಕೂ ಸಂಬಂಧವನ್ನೇ ಇಲ್ಲವಾಗಿಸುವ ಸ್ಪರ್ಧೆಯನ್ನು ಏನೆನ್ನಬೇಕು? ಕೊನೆಯ ಕಾರಿಗೂ ಬಂದುಹೋಗುವ ಖರ್ಚು ಗಿಟ್ಟಬೇಕು, ಇಲ್ಲದಿದ್ದರೆ ನಾಲ್ಕು ಶ್ರೀಮಂತರು ಮಾತ್ರ ಉಳಿಯುತ್ತಾರೆ. ಅದು ಭತ್ಯೆ. ಅದನ್ನು ಬಹುಮಾನ ಎಂದು ಕರೆದದ್ದೇ ಗೊಂದಲಕ್ಕೆ ಮೂಲ.

2016ರ ಚಾರ್ಟರ್ ಪದ್ಧತಿ ಆ ಗೊಂದಲ ಬಗೆಹರಿಸಬಹುದಿತ್ತು. 36 ಕಾರುಗಳಿಗೆ ಚಾರ್ಟರ್, ಖಾತ್ರಿ ಆದಾಯ. ಬಗೆಹರಿಸುವ ಬದಲು ಪರದೆ ಎಳೆದರು. ಅದಕ್ಕೆ ಮೊದಲು ಸೋಮವಾರದ ಪತ್ರಿಕೆಯಲ್ಲಿ ಚಾಲಕ, ಕಾರು, ಓಡಿದ ಸುತ್ತು, ಸಿಕ್ಕ ಡಾಲರ್ ಎಂದು ಸಾಲು ಸಾಲಾಗಿ ಅಚ್ಚಾಗುತ್ತಿತ್ತು. 2015ರ ಡೇಟೋನಾ 500 ಗೆದ್ದ ಜೋಯಿ ಲೊಗಾನೊಗೆ 15 ಲಕ್ಷ ಡಾಲರ್‌ಗೂ ಹೆಚ್ಚು ಸಿಕ್ಕಿತೆಂದು ನಮಗೆ ತಿಳಿದಿರುವುದು ಅದರಿಂದ. 2025ರ ಡೇಟೋನಾ 500ರ ಒಟ್ಟು ಬಹುಮಾನ ನಿಧಿ 3 ಕೋಟಿ ಡಾಲರ್ ಮೀರಿತು ಎಂದು ಡಂಗುರ ಸಾರಿದರು. ಯಾರಿಗೆಷ್ಟು ಎಂಬುದು ಮಾತ್ರ ಗುಟ್ಟು. ಟೀವಿ ಹಕ್ಕುಗಳಿಂದ ಏಳು ವರ್ಷಕ್ಕೆ ಬರುವುದು ಸುಮಾರು 770 ಕೋಟಿ ಡಾಲರ್. ಹಿಂದಿನ ಒಪ್ಪಂದದಲ್ಲಿ ಟೀವಿ ಹಣದ 65 ಪಾಲು ಟ್ರ್ಯಾಕ್‌ಗಳಿಗೆ, 25 ತಂಡಗಳಿಗೆ, 10 ನ್ಯಾಸ್ಕಾರ್‌ಗೆ ಎಂಬ ಹಂಚಿಕೆಯಿತ್ತು. ಟ್ರ್ಯಾಕ್‌ಗಳಲ್ಲಿ ಹಲವು ನ್ಯಾಸ್ಕಾರ್ ಒಡೆಯರಾದ ಫ್ರಾನ್ಸ್ ಕುಟುಂಬದ ಕೈಯಲ್ಲೇ ಇವೆ. 2024ರ ಅಕ್ಟೋಬರ್‌ನಲ್ಲಿ 23ಎಕ್ಸ್‌ಐ ಮತ್ತು ಫ್ರಂಟ್ ರೋ ತಂಡಗಳು ಕೋರ್ಟಿಗೆ ಹೋದದ್ದು ಸುಮ್ಮನೆ ಅಲ್ಲ. 2025ರ ಡಿಸೆಂಬರ್‌ನಲ್ಲಿ, ವಿಚಾರಣೆ ನಡೆಯುತ್ತಿರುವಾಗಲೇ, ರಾಜಿಯಾಯಿತು, ಚಾರ್ಟರ್‌ಗಳು ಶಾಶ್ವತವಾದವು. ಗೆದ್ದವನಿಗೆ ಹೇಳಿದಷ್ಟು ಕೊಡುತ್ತೇವೆ ಎಂದು ಹುಟ್ಟಿದ ಸಂಸ್ಥೆ, ಗೆದ್ದವನಿಗೆ ಎಷ್ಟು ಎಂದು ಹೇಳದ ಸಂಸ್ಥೆಯಾಗಿ ಈಗಲೂ ಉಳಿದಿದೆ.

ದುಡ್ಡಿನ ಬಗ್ಗೆ ಇಷ್ಟು ಕೊರೆದ ಮೇಲೆ ಒಂದು ಗಡಿಯಾರದ ಬಗ್ಗೆ ಹೇಳಬೇಕು. ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ ಅರ್ಧ ಮೈಲಿಯ ಪುಟ್ಟ ಟ್ರ್ಯಾಕ್ ಇದೆ. ಸುತ್ತಲಿನ ಊರುಗಳು ಮರದ ಪೀಠೋಪಕರಣಕ್ಕೆ ಹೆಸರಾದವು. ಟ್ರ್ಯಾಕ್ ಕಟ್ಟಿದ ಕ್ಲೇ ಅರ್ಲ್ಸ್ 1964ರಲ್ಲಿ ಹೊಳೆಯುವ ಕಪ್‌ಗಳ ಬದಲು ಅಲ್ಲೇ ತಯಾರಾಗುತ್ತಿದ್ದ ಆಳೆತ್ತರದ ಲೋಲಕದ ಗಡಿಯಾರ ಕೊಡತೊಡಗಿದರು. ಮೊದಲು ಗೆದ್ದವರು ಫ್ರೆಡ್ ಲೊರೆನ್ಜೆನ್. ಪೆಟ್ಟಿ ಮನೆಯಲ್ಲಿ ಅಂಥವು ಹನ್ನೆರಡು, ಜೆಫ್ ಗಾರ್ಡನ್, ಜಿಮ್ಮಿ ಜಾನ್ಸನ್ ಮನೆಗಳಲ್ಲಿ ಒಂಬತ್ತೊಂಬತ್ತು. ಕೋಟ್ಯಧಿಪತಿ ಚಾಲಕರೂ ಮಾರ್ಟಿನ್ಸ್‌ವಿಲ್ ಗೆದ್ದ ದಿನ ಚೆಕ್ಕಿನ ಸುದ್ದಿ ಎತ್ತುವುದಿಲ್ಲ, ಗಡಿಯಾರ ಎಲ್ಲಿಡುವುದೆಂದು ಮಾತಾಡುತ್ತಾರೆ. ನ್ಯಾಶ್‌ವಿಲ್‌ನಲ್ಲಿ ಚಿತ್ರ ಬಿಡಿಸಿದ ಗಿಬ್ಸನ್ ಗಿಟಾರ್ ಕೊಡುತ್ತಿದ್ದರು. 2009ರಲ್ಲಿ ಕೈಲ್ ಬುಶ್ ಅದನ್ನು ಅಲ್ಲೇ ನೆಲಕ್ಕೆ ಬಡಿದು ಒಡೆಯಲು ಹೋದರು, ಚೂರುಗಳನ್ನು ತಂಡದವರಿಗೆ ಹಂಚುವ ಉದ್ದೇಶವಿತ್ತಂತೆ. ಜನ ಕೆರಳಿದರು. ಅದೇ ಬುಶ್ ಆ ದಿನದ ಚೆಕ್ಕನ್ನು ಹರಿದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ವೆಂಡೆಲ್ ಸ್ಕಾಟ್ ವಿಷಯದಲ್ಲಿ ಆದದ್ದು ಹಣಕ್ಕೂ ಟ್ರೋಫಿಗೂ ಇರುವ ಈ ವ್ಯತ್ಯಾಸದ ಕರಾಳ ಮುಖ. ವರ್ಜೀನಿಯಾದ ಡ್ಯಾನ್‌ವಿಲ್‌ನ ಈ ಮೆಕ್ಯಾನಿಕ್ ಹಳೆಯ ಕಾರುಗಳನ್ನು ಕೊಂಡು, ತಾವೇ ರಿಪೇರಿ ಮಾಡಿ, ಮಕ್ಕಳನ್ನೇ ಪಿಟ್ ಸಹಾಯಕರನ್ನಾಗಿ ಮಾಡಿಕೊಂಡು ಓಡುತ್ತಿದ್ದ ಕಪ್ಪು ಚಾಲಕ. 1963ರ ಡಿಸೆಂಬರ್ 1ರಂದು ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನ ಮಣ್ಣಿನ ಟ್ರ್ಯಾಕ್‌ನಲ್ಲಿ ಎರಡು ಸುತ್ತುಗಳ ಅಂತರದಿಂದ ಮೊದಲು ಬಂದರು. ಗೆದ್ದವರೆಂದು ಘೋಷಿಸಿದ್ದು ಮಾತ್ರ ಬಿಳಿಯ ಚಾಲಕ ಬಕ್ ಬೇಕರ್ ಅವರನ್ನು. ಸ್ಕಾಟ್ ಆಕ್ಷೇಪ ಸಲ್ಲಿಸಿ ಕಾದರು. ಗಂಟೆಗಳು ಕಳೆದು ಜನರೆಲ್ಲ ಮನೆಗೆ ಹೋದ ಮೇಲೆ, ಲೆಕ್ಕದಲ್ಲಿ ತಪ್ಪಾಗಿತ್ತು ಎಂದು ಅವರೇ ವಿಜೇತರೆಂದು ಒಪ್ಪಿಕೊಂಡರು. ಹಣ ಸಿಕ್ಕಿತು. ಟ್ರೋಫಿ ಸಿಗಲಿಲ್ಲ. ಬಿಳಿಯರ ಊರಿನಲ್ಲಿ, ಬಿಳಿಯ ಹುಡುಗಿ ಟ್ರೋಫಿ ಕೊಟ್ಟು ಕೆನ್ನೆಗೆ ಮುತ್ತಿಡುವ ವೇದಿಕೆಯಲ್ಲಿ ಕಪ್ಪು ಮನುಷ್ಯನನ್ನು ನಿಲ್ಲಿಸುವುದು ಬೇಡವಾಗಿತ್ತು ಎಂದು ಅವರ ಕುಟುಂಬ ಹೇಳುತ್ತ ಬಂದಿದೆ. ಸ್ಕಾಟ್ 1990ರಲ್ಲಿ ತೀರಿಕೊಂಡರು. 2015ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ನ್ಯಾಸ್ಕಾರ್ ಅವರ ಮನೆಯವರ ಕೈಗೆ ಟ್ರೋಫಿ ಇಟ್ಟದ್ದು 2021ರ ಆಗಸ್ಟ್‌ನಲ್ಲಿ, ಡೇಟೋನಾದಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಬ್ಬಾ ವ್ಯಾಲೇಸ್ ಟಲಡೇಗಾ ಗೆದ್ದು ಸ್ಕಾಟ್ ನಂತರ ಕಪ್ ರೇಸ್ ಗೆದ್ದ ಮೊದಲ ಕಪ್ಪು ಚಾಲಕರಾದರು.

ಹಣ ಕೊಡುವುದು ಸುಲಭ, ಅದನ್ನು ಕತ್ತಲಲ್ಲೂ ಕೊಡಬಹುದು. ಜ್ಯಾಕ್ಸನ್‌ವಿಲ್‌ನಲ್ಲಿ ಹಾಗೇ ಕೊಟ್ಟರು.

ನನ್ನ ಕೈಯಲ್ಲಿ ಅಧಿಕಾರ ಕೊಟ್ಟರೆ ಮೊದಲು ಸೋಮವಾರದ ಆ ಪಟ್ಟಿಯನ್ನು ಮತ್ತೆ ಅಚ್ಚು ಹಾಕಿಸುತ್ತೇನೆ. ಕೊನೆಯ ಕಾರಿನವರೆಗೂ ಭತ್ಯೆ, ಅದು ಭತ್ಯೆ ಎಂಬ ಹೆಸರಲ್ಲೇ. ವಿನ್‌ಸ್ಟನ್ ಮಿಲಿಯನ್‌ನಂಥ ಒಂದು ಕಠಿಣ ಬಹುಮಾನ, ಬೇರೆ ಯಾರ ಹೆಸರಲ್ಲಾದರೂ ಸರಿ, ಹತ್ತು ವರ್ಷ ಯಾರೂ ಗೆಲ್ಲದಿದ್ದರೂ ಸರಿ. ಜೋಡಿಯಾಟದ ಹತ್ತು ಲಕ್ಷವನ್ನು ಎತ್ತಿ ಆ ಐದು ರೇಸ್‌ಗಳಲ್ಲಿ ಗೆದ್ದವರಿಗೆ ಎರಡೆರಡು ಲಕ್ಷ ಹಂಚುತ್ತೇನೆ. ಫಿಲ್ಟರ್, ಪೇಂಟ್, ಪಿಸ್ಟನ್‌ನವರು ಜಾಹೀರಾತನ್ನು ಜಾಹೀರಾತೆಂದೇ ಕೊಡಲಿ.

ತಲೆನೋವು ಪ್ರಶಸ್ತಿಯೊಂದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ, ಅದರಲ್ಲಿ ಮೋಸವಿಲ್ಲ. 2025ರ ನವೆಂಬರ್ 2ರಂದು ಫೀನಿಕ್ಸ್‌ನಲ್ಲಿ ಋತುವಿನ ಕೊನೆಯ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ರೇಸ್. 60 ರೇಸ್ ಗೆದ್ದೂ ಒಮ್ಮೆಯೂ ಚಾಂಪಿಯನ್ ಆಗದ ಡೆನ್ನಿ ಹ್ಯಾಮ್ಲಿನ್ ಆ ದಿನ 208 ಸುತ್ತು ಮುಂದಿದ್ದರು. ಇನ್ನು ಮೂರೇ ಸುತ್ತು ಉಳಿದಿದ್ದಾಗ ಬೇರೊಬ್ಬರ ಟೈರು ಒಡೆದು ಹಳದಿ ಬಾವುಟ ಬಂತು. ಹ್ಯಾಮ್ಲಿನ್ ನಾಲ್ಕು ಟೈರು ಬದಲಿಸಿದರು, ಲಾರ್ಸನ್ ಎರಡೇ ಬದಲಿಸಿ ಮುಂದೆ ಬಂದರು. ಆ ಇಡೀ ರೇಸ್‌ನಲ್ಲಿ ಒಂದು ಸುತ್ತೂ ಮುಂದಿರದ ಲಾರ್ಸನ್ ಚಾಂಪಿಯನ್. ಹ್ಯಾಮ್ಲಿನ್‌ಗೆ ಆ ಪುಡಿಯ ಒಂದು ಇಡೀ ಪೆಟ್ಟಿಗೆ ಸಲ್ಲಬೇಕಿತ್ತು. ನನಗೂ ಒಂದು ಪೊಟ್ಟಣ ಕೊಟ್ಟಿದ್ದರೆ ಬೇಡ ಅನ್ನುತ್ತಿರಲಿಲ್ಲ.